ಕೊನೆಯ ಒಂದು ಮೊಳ ದಾರ

ಟ್ರೌಟ್ ಹಿಡಿಯಲು ಹೊರಟ ಮೊದಲ ದಿನ ನಾನು ಹಾಕಿಕೊಂಡಿದ್ದ ತೋಳಿಲ್ಲದ ಕೋಟಿಗೆ ಇಪ್ಪತ್ತೆರಡು ಜೇಬುಗಳಿದ್ದವು. ಎಣಿಸಿದ್ದು ನಾನಲ್ಲ, ಹೆಂಡತಿ. "ರೀ, ಒಂದು ಮೀನಿಗೆ ಇಷ್ಟೊಂದು ಜೇಬು ಬೇಕಾ?" ಅಂದಳು. ನಾನು ಉತ್ತರ ಕೊಡಲಿಲ್ಲ. ಹದಿಮೂರನೇ ಜೇಬಿನ ಬಟ್ಟೆಗೆ ಒಂದು ಫ್ಲೈ, ಅಂದರೆ ಹುಳುವಿನ ವೇಷದ ಕೊಕ್ಕೆ, ಕಚ್ಚಿಕೊಂಡಿತ್ತು, ಅದನ್ನು ಬಿಡಿಸುತ್ತಿದ್ದೆ.

ಸಂಜೆಯ ಲೆಕ್ಕ ಹೀಗಿತ್ತು: ಮರಕ್ಕೆ ಆರು ಫ್ಲೈ, ಟೋಪಿಗೆ ಎರಡು, ಕಿವಿಗೆ ಒಂದು. ಮೀನಿಗೆ ಸೊನ್ನೆ. ಕಿವಿಯದ್ದು ಮಾತ್ರ ಸಲೀಸಾಗಿ ಬಂತು. ಹಿಂದಿನ ರಾತ್ರಿ ಇಕ್ಕಳ ಹಿಡಿದು ಕೊಕ್ಕೆಗಳ ಒಳಮುಳ್ಳನ್ನೆಲ್ಲ ಅದುಮಿ ಇಟ್ಟಿದ್ದೆ. ಮಾಡಿದ್ದು ಮೀನಿನ ಮೇಲಿನ ಕರುಣೆಯಿಂದ, ಉಪಕಾರವಾಗಿದ್ದು ನನಗೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ಗಾಳದಲ್ಲಿ ತುದಿಗೆ ಸೀಸದ ಗುಂಡು ಕಟ್ಟಿ ಎಸೆಯುತ್ತೇವೆ. ಗುಂಡು ಹಾರುತ್ತದೆ, ದಾರ ಅದರ ಹಿಂದೆ ಓಡುತ್ತದೆ. ಫ್ಲೈ ಫಿಶಿಂಗಿನಲ್ಲಿ ಎಲ್ಲಾ ಉಲ್ಟಾ. ತುದಿಯಲ್ಲಿರುವುದು ಗರಿ, ಕೂದಲು ಸುತ್ತಿದ ಪುಟ್ಟ ಕೊಕ್ಕೆ. ಅದಕ್ಕೆ ತೂಕ ಅನ್ನುವುದೇ ಇಲ್ಲ. ತೂಕವೆಲ್ಲ ಲೈನಿನಲ್ಲಿ, ಅಂದರೆ ಬೀಸುವ ದಪ್ಪ ದಾರದಲ್ಲಿ. 5 ನಂಬರಿನ ಲೈನಿನ ಮುಂದಿನ 30 ಅಡಿ ತೂಗಿದರೆ ಸುಮಾರು 9 ಗ್ರಾಂ. ರಾಡ್ ಬೀಸಿದಾಗ ಹಾರುವುದು ಆ 9 ಗ್ರಾಂ, ಫ್ಲೈ ಅದರ ಜೊತೆ ಪುಕ್ಕಟೆ ಪ್ರಯಾಣಿಕ. ಆದರೆ ಆ ದಪ್ಪ ಲೈನಿಗೇ ಫ್ಲೈ ಕಟ್ಟಿದರೆ ಹಗ್ಗಕ್ಕೆ ಸೊಳ್ಳೆ ಕಟ್ಟಿದ ಹಾಗೆ. ಅದಕ್ಕೇ ಇವೆರಡರ ಮಧ್ಯೆ ಲೀಡರ್ ಅನ್ನುವ ಇನ್ನೊಂದು ದಾರ. ಬುಡ ದಪ್ಪ, ತುದಿ ಕೂದಲಿನಷ್ಟು ತೆಳು. ಚಾವಟಿ ಬೀಸಿದಂತೆ ಬಲ ಅದರುದ್ದಕ್ಕೂ ಹರಿದು, ಕೊನೆಗೆ ಫ್ಲೈ ನೀರಿನ ಮೇಲೆ ಮೆಲ್ಲಗೆ ಕೂರಬೇಕು. ಕೂರಬೇಕು ಅಂದೆ. ನನ್ನದು ಕೂರುತ್ತಿರಲಿಲ್ಲ, ಬೀಳುತ್ತಿತ್ತು.

ಇನ್ನು ಈ ಲೋಕದ ನಂಬರುಗಳು. ಇವನ್ನು ಇಟ್ಟವರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು ಅಂತ ನನ್ನ ಗುಮಾನಿ. ಲೈನಿನ ನಂಬರ್ ಜಾಸ್ತಿಯಾದರೆ ಲೈನ್ ಭಾರ. ಕೊಕ್ಕೆಯ ನಂಬರ್ ಜಾಸ್ತಿಯಾದರೆ ಕೊಕ್ಕೆ ಚಿಕ್ಕದು. ಟಿಪ್ಪೆಟ್ಟಿಗೆ, ಅಂದರೆ ಲೀಡರಿನ ತುದಿಗೆ ಕಟ್ಟುವ ತೆಳು ದಾರಕ್ಕೆ, ಎಕ್ಸ್ ಜಾಸ್ತಿಯಾದಷ್ಟೂ ದಾರ ತೆಳು. ನಾನು ಅಂಗಡಿಯಲ್ಲಿ ನಿಂತು, ದೊಡ್ಡ ಮೀನು ಬಂದರೆ ಇರಲಿ ಅಂತ ಭಾರೀ ಮುಂದಾಲೋಚನೆಯಿಂದ 7ಎಕ್ಸ್ ಕೊಂಡೆ. ಒಂದಲ್ಲ, ಎರಡು ಸುರುಳಿ. ಅದು ಮೊದಲ ದಿನವೇ ಒಂದು ಹುಲ್ಲಿನ ಎಸಳಿನ ಎದುರು ಸೋತು ತುಂಡಾಯಿತು.

ಈ ಎಕ್ಸಿನ ಹಿಂದೆ ರೇಷ್ಮೆ ಹುಳುವಿದೆ. ನೈಲಾನ್ ಬರುವ ಮೊದಲು ಲೀಡರ್ ಮಾಡುತ್ತಿದ್ದದ್ದು ರೇಷ್ಮೆ ಹುಳುವಿನ ಗ್ರಂಥಿಯಿಂದ ಎಳೆದು ತೆಗೆದ ಎಳೆಯಿಂದ. ಅದನ್ನು ತೆಳ್ಳಗೆ ಮಾಡಲು ಸಣ್ಣ ತೂತಿನ ಅಚ್ಚಿನೊಳಗೆ ಎಳೆಯುತ್ತಿದ್ದರು. ಒಂದು ಸಲ ಎಳೆದದ್ದು 1ಎಕ್ಸ್, ಇನ್ನೊಮ್ಮೆ ಎಳೆದರೆ 2ಎಕ್ಸ್. ಎಳೆದಷ್ಟೂ ತೆಳು. ಹುಳುವಿನ ಕೆಲಸ ಹೋಯಿತು, ನಂಬರ್ ಉಳಿಯಿತು. ಈಗ 11ರಲ್ಲಿ ಎಕ್ಸ್ ಕಳೆದರೆ ಬರುವುದೇ ದಾರದ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. 5ಎಕ್ಸ್ ಅಂದರೆ ಸಾವಿರದಲ್ಲಿ ಆರು ಪಾಲು, ಸುಮಾರು 0.15 ಮಿಲಿಮೀಟರ್. ಯಾವ ಫ್ಲೈಗೆ ಯಾವ ದಾರ ಅನ್ನುವುದಕ್ಕೆ ಕೊಕ್ಕೆಯ ನಂಬರನ್ನು 3ರಿಂದ ಭಾಗಿಸಿದರೆ ಆಯಿತು. 16ಕ್ಕೆ 5ಎಕ್ಸ್. ಕೆಲವರು 4ರಿಂದ ಭಾಗಿಸುತ್ತಾರೆ. ಅವರ ಜೊತೆ ಜಗಳ ಬೇಡ, ಮೀನಿಗೆ ಭಾಗಾಕಾರ ಬರುವುದಿಲ್ಲ.

ಎರಡನೇ ಸಲ ಹೋದಾಗ 12 ಅಡಿ ಲೀಡರ್ ಕಟ್ಟಿಕೊಂಡು ಹೋದೆ. ಲೀಡರ್ ಉದ್ದವಿದ್ದಷ್ಟೂ ಮೀನು ಬೆಚ್ಚುವುದಿಲ್ಲ ಅಂತ ಎಲ್ಲೋ ಕೇಳಿದ್ದೆ. ಅಗಲವಾದ, ನಿಂತಂತಿರುವ ನೀರಿನಲ್ಲಿ ಅದು ನಿಜ. ನಾನು ನಿಂತಿದ್ದ ತೊರೆಯ ಅಗಲ ಹೆಚ್ಚೆಂದರೆ ಮೂರು ಮಾರು, ಮೇಲೆಲ್ಲ ಕೊಂಬೆ. ಲೀಡರೇ ಎರಡು ಮಾರು. ರಾಡಿನ ತುದಿಯಿಂದ ಲೀಡರ್ ಮಾತ್ರ ಹೊರಗಿತ್ತು, ಲೈನ್ ಒಳಗೇ ಕೂತಿತ್ತು. ಲೈನೇ ಹೊರಗಿಲ್ಲದಿದ್ದರೆ ತೂಕ ಎಲ್ಲಿಂದ ಬರಬೇಕು? ಬೀಸಿದೆ. ಎಲ್ಲವೂ ಗುಡ್ಡೆಯಾಗಿ ನನ್ನ ಪಾದದ ಮೇಲೆ ಬಿತ್ತು. ಮತ್ತೆ ಬೀಸಿದೆ. ಮತ್ತೆ ಪಾದ.

"ಲೋ, ಮೀನು ಹಿಡೀತಿದ್ದೀಯೋ, ಬೂಟಿಗೆ ಲೇಸ್ ಕಟ್ಕೋತಿದ್ದೀಯೋ?" ಅಂತ ಆಚೆ ದಡದಿಂದ ಗೆಳೆಯ ಕೂಗಿದ.

ಅವನ ಸರಂಜಾಮು ನೋಡಿದರೆ ನನಗೆ ಪಾಪ ಅನ್ನಿಸುತ್ತಿತ್ತು. ಒಂದು ರಾಡು, ಏಳೂವರೆ ಅಡಿಯ ಒಂದು ಲೀಡರು, ಅಂಗಿ ಜೇಬಿನಲ್ಲಿ ಒಂದು ಸುರುಳಿ 5ಎಕ್ಸು, ಮಾತ್ರೆ ಇಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಜಾತಿಯ ಫ್ಲೈ. ತೇಲುವುದಕ್ಕೆ ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್, ಮುಳುಗುವುದಕ್ಕೆ ಫೆಸೆಂಟ್ ಟೇಲ್ ಮತ್ತು ವೂಲಿ ಬಗ್ಗರ್. ಅಷ್ಟೇ. ಪಾಪ ಅನ್ನಿಸುತ್ತಿತ್ತು ಅಂದೆನಲ್ಲ, ಅಷ್ಟರಲ್ಲಿ ಅವನಿಗೆ ಮೂರನೇ ಮೀನು ಸಿಕ್ಕಿರುತ್ತಿತ್ತು.

ನನಗೆ ಯಾರೂ ಹೇಳದೇ ಇದ್ದ ಸಂಗತಿ ಇನ್ನೊಂದಿತ್ತು. ಫ್ಲೈ ಬದಲಿಸಿದಾಗಲೆಲ್ಲ ಗಂಟಿನ ಜೊತೆ ನಾಲ್ಕು ಬೆರಳು ದಾರ ಹೋಗುತ್ತದೆ. ಮೀನು ಕಚ್ಚದಿದ್ದರೆ ನಾನು ಫ್ಲೈ ಬದಲಿಸುತ್ತಿದ್ದೆ. ಮೀನು ಕಚ್ಚುತ್ತಲೇ ಇರಲಿಲ್ಲ. ಹಾಗಾಗಿ ಬದಲಿಸುತ್ತಲೇ ಇದ್ದೆ. ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಒಂಬತ್ತಡಿ ಲೀಡರ್ ಆರಡಿಗೆ ಬಂದು, ತುದಿ ಎಷ್ಟು ದಪ್ಪ ಆಗಿತ್ತು ಅಂದರೆ ಕೊಕ್ಕೆಯ ಕಣ್ಣಿನೊಳಗೆ ಹೋಗಲಿಲ್ಲ. ಕೊಕ್ಕೆಯದ್ದೇ ತಪ್ಪು ಅಂದುಕೊಂಡು ದೊಡ್ಡ ಕೊಕ್ಕೆ ಹುಡುಕಿದೆ. ಟಿಪ್ಪೆಟ್ ಇರುವುದೇ ಇದಕ್ಕೆ ಕಣ್ರೀ! ಲೀಡರಿನ ತುದಿಗೆ ಒಂದು ಮೊಳವೋ ಒಂದೂವರೆ ಮೊಳವೋ ದಾರ ಸೇರಿಸಿ ಕಟ್ಟಿಕೊಂಡರೆ ಕತ್ತರಿಗೆ ಬಲಿಯಾಗುವುದು ಅದು ಮಾತ್ರ. ಮುಗಿಯಿತಾ, ಇನ್ನೊಂದು ಮೊಳ ಕಟ್ಟಿ. ಒಂದೇ ಲೀಡರ್ ಎಷ್ಟೋ ದಿನ ಬಾಳುತ್ತದೆ. ಸರ್ಜನ್ ಗಂಟು ಅಂತ ಇದೆ. ಎರಡೂ ದಾರ ಸೇರಿಸಿ ಕುಣಿಕೆ ಮಾಡಿ, ಎರಡು ಸಲ ತೂರಿಸಿ, ನಾಲ್ಕೂ ತುದಿ ಒಟ್ಟಿಗೆ ಎಳೆದರೆ ಆಯಿತು. ಎಳೆಯುವ ಮುನ್ನ ಎಂಜಲು ಹಚ್ಚಬೇಕು. ಒಣ ನೈಲಾನ್ ತಿಕ್ಕಾಟಕ್ಕೆ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ.

ಗಂಟು ಅಂದ ಮೇಲೆ ನಾನು ಕಟ್ಟದ ಗಂಟುಗಳ ವಿಷಯವೂ ಹೇಳಬೇಕು. ಲೀಡರಿನ ಮಧ್ಯೆ ತಾವಾಗಿಯೇ ಹುಟ್ಟಿಕೊಳ್ಳುವ ಸಣ್ಣ ಗಂಟುಗಳಿಗೆ 'ವಿಂಡ್ ನಾಟ್' ಅನ್ನುತ್ತಾರೆ. ಗಾಳಿಯ ಗಂಟು. ಒಂದು ಎಲೆಯೂ ಅಲ್ಲಾಡದ ದಿನ ನನ್ನ ಲೀಡರಿನಲ್ಲಿ ಅಂಥವು ಐದು ಸಿಕ್ಕವು. ಗಾಳಿ ಸುಮ್ನೆ ಹೆಸರಿಗೆ, ಗಂಟು ಹಾಕುವುದು ನಮ್ಮ ಕೈ. ರಾಡನ್ನು ಅವಸರದಲ್ಲಿ ಜೋರಾಗಿ ತಳ್ಳಿದಾಗ ಲೈನ್ ತನ್ನನ್ನೇ ತಾನು ದಾಟಿ ಹೀಗಾಗುತ್ತದೆ. ಅಂಥ ಒಂದು ಗಂಟಿದ್ದರೆ ದಾರದ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಐದಿದ್ದರೆ ಎಷ್ಟು ಅಂತ ನಾನು ಲೆಕ್ಕ ಹಾಕಲಿಲ್ಲ. ಮೀನು ಲೆಕ್ಕ ಹಾಕಿಕೊಂಡು ಹೋಯಿತು.

ಆದರೆ ನನ್ನನ್ನು ನಿಜಕ್ಕೂ ಅಳಿಸಿದ್ದು ಒಂದು ಮುಸ್ಸಂಜೆ. ನೀರಿನ ಮೇಲೆಲ್ಲ ಹುಳು. ಅಲ್ಲಿ ಗುಳಕ್, ಇಲ್ಲಿ ಗುಳಕ್, ಟ್ರೌಟುಗಳು ಮೇಲೆ ಬಂದು ಬಾಯಿ ಹಾಕುತ್ತಿವೆ. ನಾನು ಆಗಷ್ಟೇ ರಾಡ್ ಜೋಡಿಸಿ, ಲೀಡರಿನ ತೆಳು ತುದಿ ಹಿಡಿದು ರಾಡಿನ ಬಳೆಗಳಲ್ಲಿ ಒಂದೊಂದಾಗಿ ತೂರಿಸುತ್ತಿದ್ದೆ. ಏಳನೇ ಬಳೆಯ ಹತ್ತಿರ ಸೊಳ್ಳೆ ಕಚ್ಚಿತು. ಕೈ ಬಿಟ್ಟೆ. ಸರ್ರಂತ ಅಷ್ಟೂ ದಾರ ಬುಡಕ್ಕೆ ಜಾರಿತು. ಮತ್ತೆ ಮೊದಲಿನಿಂದ. ಆಮೇಲೆ 18 ನಂಬರಿನ ಫ್ಲೈ. ಅದರ ಕಣ್ಣು ಸೂಜಿಯ ಕಣ್ಣಿಗಿಂತ ಚಿಕ್ಕದು. ಅಜ್ಜಿಯಂದಿರು ಸೂಜಿ ಪೋಣಿಸುವ ಹಾಗೆ ಆಕಾಶಕ್ಕೆ ಎತ್ತಿ ಹಿಡಿದೆ. ಕನ್ನಡಕ ಮೇಲೆ ಮಾಡಿದೆ, ಕೆಳಗೆ ಮಾಡಿದೆ, ನಾಲಿಗೆ ಹೊರಗೆ ಹಾಕಿದೆ. ದಾರ ಕಣ್ಣಿನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಗುಳಕ್. ಕೊನೆಗೂ ಒಳಗೆ ಹೋಯಿತು. ಐದು ಸುತ್ತು ಸುತ್ತಿ, ಎಂಜಲು ಹಚ್ಚಿ, ಗಂಟು ಬಿಗಿದು, ಉಳಿದ ತುದಿ ಕತ್ತರಿಸಿ, ಹೆಮ್ಮೆಯಿಂದ ರಾಡ್ ಎತ್ತಿ ನೋಡಿದರೆ ಮಧ್ಯೆ ಒಂದು ಬಳೆಗೆ ದಾರವನ್ನೇ ಹಾಕಿರಲಿಲ್ಲ!

ಎಲ್ಲ ಕತ್ತರಿಸಿ ಮತ್ತೆ ಕಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಗುಳಕ್ ಸದ್ದು ಮಾತ್ರ ಕೇಳುತ್ತಿತ್ತು. ಗೆಳೆಯ ಬಂದು ಟಾರ್ಚ್ ಹಿಡಿದು ತೋರಿಸಿದ. ತೆಳು ತುದಿಯನ್ನು ಪೋಣಿಸಲೇಬಾರದಂತೆ. ದಪ್ಪ ಲೈನನ್ನೇ ಮಡಚಿ, ಆ ಮಡಿಕೆಯನ್ನು ಬಳೆಗಳಲ್ಲಿ ತೂರಿಸಬೇಕು. ಕೈ ತಪ್ಪಿದರೂ ಮಡಿಕೆ ಬಿಚ್ಚಿಕೊಂಡು ಬಳೆಗೆ ಒತ್ತಿ ನಿಲ್ಲುತ್ತದೆ, ಬುಡಕ್ಕೆ ಓಡುವುದಿಲ್ಲ. "ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತೋ?" ಅಂದೆ. "ನಿನ್ನ ಕೋಟು ನೋಡಿ, ನಿಂಗೆಲ್ಲಾ ಗೊತ್ತಿರತ್ತೆ ಅಂದ್ಕೊಂಡೆ" ಅಂದ.

ಮುಂದಿನ ವಾರ ಕೋಟು ಬಿಟ್ಟು ಹೋದೆ. ತತ್ವ ಗಿತ್ವ ಏನಿಲ್ಲ, ಹೆಂಡತಿ ಒಗೆಯಲು ಹಾಕಿದ್ದಳು. ಒಂಬತ್ತಡಿಯ 5 ನಂಬರ್ ರಾಡು, ತೇಲುವ ಲೈನು, ಗೆಳೆಯ ಕೊಟ್ಟ ಏಳೂವರೆ ಅಡಿ ಲೀಡರು, ಅದರ ತುದಿಗೆ ಒಂದು ಮೊಳ 5ಎಕ್ಸು, ಅವನ ಡಬ್ಬಿಯಿಂದ ಸಾಲ ತಂದ ಒಂದು ಆಡಮ್ಸ್. ರೀಲಂತೂ ದಾರ ಸುತ್ತಿಡುವ ಬುಟ್ಟಿ, ಅಷ್ಟೇ. ಅದರ ಬ್ರೇಕಿನ ಬಗ್ಗೆ ನಾನು ಮೂರು ರಾತ್ರಿ ಯೋಚಿಸಿದ್ದೆ ಅನ್ನುವುದನ್ನು ಯಾರಿಗೂ ಹೇಳಬೇಡಿ. ಲೀಡರ್ ಸುರುಳಿಯಿಂದ ಬಂದ ಹಾಗೇ ಸ್ಪ್ರಿಂಗಿನಂತೆ ಮುದುರಿತ್ತು. ಬೆರಳುಗಳ ನಡುವೆ ಹಿಡಿದು ನಿಧಾನವಾಗಿ ಎಳೆದು ನೆಟ್ಟಗೆ ಮಾಡಿದೆ. ಮೂರು ಮಾರು ಆಚೆ, ಕಲ್ಲಿನ ಪಕ್ಕಕ್ಕೆ ಬೀಸಿದೆ. ಆಡಮ್ಸ್ ಕೂತಿತು. ಬೀಳಲಿಲ್ಲ, ಕೂತಿತು. ಒಂದು ಗೇಣು ತೇಲಿತು, ಗುಳಕ್.

ಗೇಣಿಗಿಂತ ಸ್ವಲ್ಪ ಉದ್ದ. ಹೊಟ್ಟೆ ಬೆಣ್ಣೆ ಬಣ್ಣ, ಪಕ್ಕದಲ್ಲಿ ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ತಿಳಿ ಬಣ್ಣದ ಬಳೆ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಕೊಕ್ಕೆ ಬಿಡಿಸಿದೆ. ಒಂದು ಕ್ಷಣ ಬೆರಳುಗಳ ಮಧ್ಯೆ ನಿಂತು, ಹೋಯಿತು.

ಮನೆಗೆ ಬಂದರೆ ಕೋಟು ಬಟ್ಟೆ ಹರವುವ ತಂತಿಯ ಮೇಲೆ ನೇತಾಡುತ್ತಿತ್ತು. ಇಪ್ಪತ್ತೆರಡು ಜೇಬಿನ ತುಂಬ ಬಟ್ಟೆ ಕ್ಲಿಪ್ಪು. "ಇದು ತುಂಬ ಅನುಕೂಲ ಕಣ್ರೀ, ಇನ್ನು ಇಲ್ಲೇ ಇರ್ಲಿ" ಅಂದಳು. "ಜೇಬಲ್ಲಿ ಒಂದು ನೈಲಾನ್ ದಾರ ಸಿಕ್ತು. ನಿಮ್ಮ ನೀಲಿ ಅಂಗಿಗೆ ಗುಂಡಿ ಹೊಲ್ದಿದ್ದೀನಿ."

7ಎಕ್ಸ್. ಹುಲ್ಲಿಗೆ ಸೋತ ದಾರ. ಅಂಗಿ ಹಾಕಿಕೊಂಡು ಎರಡು ತಿಂಗಳಾಯಿತು, ಗುಂಡಿ ಇನ್ನೂ ಅಲ್ಲಾಡಿಲ್ಲ. ಆ ಗಂಟು ಹೇಗೆ ಹಾಕಿದೆ ಅಂತ ಕೇಳಬೇಕು ಅಂದುಕೊಂಡಿದ್ದೇನೆ.