ಅದು ಯಾವುದರ ರೂಪವೂ ಅಲ್ಲ ಸ್ವಾಮಿ

ನಿನ್ನೆ ರಾತ್ರಿ ಊಟ ಮುಗಿಸಿ ಮಧ್ಯ ಏಷ್ಯಾದ ಪಾಮಿರ್ ಬೆಟ್ಟಗಳ ಪ್ರವಾಸದ ವಿಡಿಯೊ ನೋಡುತ್ತಿದ್ದೆ. ತಾಜಿಕಿಸ್ತಾನದ ಖೊರೋಗ್ ಪಟ್ಟಣದ ಒಂದು ಮನೆ. ಐದು ಕಂಬ, ತಲೆಯ ಮೇಲೆ ಒಂದರೊಳಗೊಂದು ನಾಲ್ಕು ಚೌಕಗಳ ಬೆಳಕಿಂಡಿ. ಅಜ್ಜಿಯೊಬ್ಬರು ಉಪ್ಪು, ಬೆಣ್ಣೆ ಹಾಕಿದ ಹಾಲಿನ ಚಹಾ ಸುರಿಯುತ್ತಾ ಮೊಮ್ಮಗಳಿಗೆ ಏನೋ ಹೇಳಿ ನಕ್ಕರು. ನಮ್ಮ ಪ್ರವಾಸಿ ಮಹಾಶಯರು ಕ್ಯಾಮೆರಾ ಕಡೆ ತಿರುಗಿ ಅಪ್ಪಣೆ ಕೊಡಿಸಿದರು: 'ಇದು ತಾಜಿಕ್ ಭಾಷೆಯ ಗುಡ್ಡಗಾಡು ರೂಪ.' ಬಟ್ಟಲು ಇನ್ನೂ ಕೈಯಲ್ಲೇ ಇತ್ತು!

ಸ್ವಾಮಿ, ಅದು ಶುಗ್ನಿ, ಪಾಮಿರ್ ಕಡೆಯ ಬೇರೆಯೇ ಒಂದು ಭಾಷೆ. ತಾಜಿಕ್ ಎಂದರೆ ಪರ್ಷಿಯನ್ ಭಾಷೆಯೇ, ಇರಾನಿ ಭಾಷೆಗಳ ಪಶ್ಚಿಮ ಶಾಖೆಯದು. ಶುಗ್ನಿ ಪೂರ್ವ ಶಾಖೆಯದು, ಅಫ್ಘಾನಿಸ್ತಾನದ ಪಶ್ತೊ ಭಾಷೆ ಇರುವ ಕಡೆಯದು. ತಾಜಿಕ್‌ನಲ್ಲಿ ನಾಮಪದಗಳಿಗೆ ಲಿಂಗವಿಲ್ಲ. ಶುಗ್ನಿಯಲ್ಲಿ ಗಂಡುನಾಯಿ 'ಕುದ್', ಹೆಣ್ಣುನಾಯಿ 'ಕಿದ್'. ನಡುವಿನ ಒಂದು ಸ್ವರ ತಿರುಗಿದರೆ ಸಾಕು. ಬರೀ ತಾಜಿಕ್ ಬಲ್ಲವನಿಗೆ ಆ ಅಜ್ಜಿ ಏಕೆ ನಕ್ಕರೆಂದೇ ತಿಳಿಯುವುದಿಲ್ಲ. ತಿಳಿಯದ ಮಾತು 'ರೂಪ' ಹೇಗಾಯಿತು?

ಶುಗ್ನಿ ಜನರ ವಿಷಯವನ್ನು ಹೊರಗಿನವರೇ ತೀರ್ಮಾನಿಸುವುದು ಹೊಸದಲ್ಲ. 1895ರಲ್ಲಿ ಬ್ರಿಟಿಷರೂ ರಷ್ಯನ್ನರೂ ಕೂಡಿ ಪಂಜ್ ನದಿಯನ್ನು ಗಡಿ ಮಾಡಿದರು. ಇವರ ನಾಡಾದ ಶುಗ್ನಾನ್‌ನಲ್ಲಿ ಎಡದಂಡೆಯದು ಅಫ್ಘಾನಿಸ್ತಾನಕ್ಕೆ, ಬಲದಂಡೆಯದು ರಷ್ಯಾದ ಕಡೆಗೆ. ನಂಟರಿಷ್ಟರು ಆಚೆ ದಡದಲ್ಲಿ. 1930ರ ದಶಕದಲ್ಲಿ ಸೋವಿಯತ್ ಸರ್ಕಾರ ಶುಗ್ನಿಗೆ ಲ್ಯಾಟಿನ್ ಲಿಪಿ ಕೊಟ್ಟಿತು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಆಮೇಲೆ ಜನಗಣತಿಯಲ್ಲಿ ಅವರೂ 'ತಾಜಿಕರು'. 2021ರ ನವೆಂಬರ್‌ನಲ್ಲಿ ಖೊರೋಗ್‌ನ ಜನ ಬೀದಿಗಿಳಿದಾಗ ತಾಜಿಕಿಸ್ತಾನ ಸರ್ಕಾರ ತಿಂಗಳುಗಟ್ಟಲೆ ಇಂಟರ್ನೆಟ್ ಕಡಿದುಹಾಕಿತು. ಮತ್ತೆ ಈಗ ಈ ವಿಡಿಯೊ ಪಂಡಿತರು. ರೂಪವಂತೆ, ರೂಪ!

'ಲಕ್ಷದ ಆಸುಪಾಸಿನ ಜನ ಆಡುವ ಭಾಷೆ, ಕೆಲಸಕ್ಕೆ ತಾಜಿಕ್, ರಷ್ಯನ್ ಬೇಕಲ್ಲವೇ' ಎನ್ನುವವರಿದ್ದಾರೆ. ಬೇಕು. ಅದಕ್ಕೇ ಅಲ್ಲಿ ಎಷ್ಟೋ ಮಂದಿ ಎರಡನ್ನೂ ಕಲಿತಿದ್ದಾರೆ. ಮನೆಯ ಭಾಷೆಗೆ ಅದರ ಹೆಸರು ಹೇಳಿ ಎಂದರೆ ಯಾರ ಕೆಲಸ ಹೋಗುತ್ತದೆ?

ಇಷ್ಟು ಕೋಪ ಏಕೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಮನೆಮಾತು ತುಳು. ಹಾಸ್ಟೆಲಿನಲ್ಲಿದ್ದಾಗ ಅಮ್ಮನ ಫೋನ್ ಬಂದರೆ ಮೆಟ್ಟಿಲ ಕಡೆಗೆ ಹೋಗಿ ಮಾತನಾಡುತ್ತಿದ್ದೆ. ಕೋಣೆಯ ಗೆಳೆಯನೊಬ್ಬ 'ಅದು ಕನ್ನಡದ್ದೇ ಒಂದು ಬಗೆಯಲ್ಲವೇನೋ' ಎಂದಾಗ 'ಹೆಚ್ಚುಕಡಿಮೆ ಹಾಗೆಯೇ' ಎಂದುಬಿಟ್ಟಿದ್ದೆ. ವಿವರಿಸುವ ರಗಳೆ ಯಾರಿಗೆ ಬೇಕಿತ್ತು!

ವಿಡಿಯೊದ ಕೆಳಗೆ ಹತ್ತು ಸಾಲು ಬರೆದು ಬಂದಿದ್ದೇನೆ. ಮಹಾಶಯರು ಒಂದು ಕೆಂಪು ಹೃದಯ ಒತ್ತಿ ಸುಮ್ಮನಾಗಿದ್ದಾರೆ.