ಅವಳು ಹಚ್ಚಿದರೆ ಮೋಸ, ಅವನು ಹಚ್ಚಿದರೆ ವ್ಯಾಯಾಮ

ಪ್ರಾಚೀನ ಗ್ರೀಸಿನ ಗಂಡಸರಿಗೆ ಬೆಳ್ಳಗಿನ ಹೆಂಗಸರೇ ಬೇಕು. ಹೋಮರನ ಕಾವ್ಯದಲ್ಲಿ ಹೇರಾ ದೇವಿಯನ್ನು ಬಿಳಿ ತೋಳಿನವಳು ಅಂತಲೇ ಹೊಗಳೋದು. ಕಪ್ಪು ಚಿತ್ತಾರದ ಮಡಕೆಗಳ ಮೇಲೂ ಗಂಡಸರಿಗೆ ಕಪ್ಪು, ಹೆಂಗಸರ ಮೈಗೆ ಬಿಳಿ ಬಳಿಯುತ್ತಿದ್ದರು. ಮಡಕೆಯವನು ಬಳಿದರೆ ಅದು ಕಲೆ. ಅವಳೇ ಬಳಿದುಕೊಂಡರೆ ವಂಚನೆ!

ಗ್ರೀಕ್ ಲೇಖಕ ಕ್ಸೆನೊಫನ್ ಮನೆ ನಡೆಸುವುದರ ಬಗ್ಗೆ ಒಂದು ಪುಸ್ತಕ ಬರೆದಿದ್ದಾನೆ. ಅದರಲ್ಲಿ ಅಥೆನ್ಸಿನ ಇಸ್ಕೊಮಾಕಸ್ ಅನ್ನೋ ಸಾಹುಕಾರ ಬರುತ್ತಾನೆ. ಮದುವೆಯಾಗಿ ಬಂದಾಗ ಹೆಂಡತಿಗೆ 15 ಕೂಡ ತುಂಬಿರಲಿಲ್ಲ. ಒಂದು ದಿನ ಆ ಹುಡುಗಿ ಮುಖಕ್ಕೆ ಸೀಸದಿಂದ ಮಾಡಿದ ಬಿಳಿ ಪುಡಿ ಮೆತ್ತಿಕೊಂಡು, ಕೆನ್ನೆಗೆ ಬೇರಿನ ಕೆಂಪು ಹಚ್ಚಿಕೊಂಡು, ಎತ್ತರದ ಚಪ್ಪಲಿ ಮೆಟ್ಟಿ ಎದುರಿಗೆ ಬಂದು ನಿಂತಳು. ಚೆಂದ ಕಾಣ್ತೀಯ ಅಂದಿದ್ದರೆ ಮುಗಿದುಹೋಗುತ್ತಿತ್ತು, ಅಲ್ವಾ? ಈ ಮಹಾಶಯ ಪಾಠ ಶುರು ಹಚ್ಚಿಕೊಂಡ. ನಾನು ಖೋಟಾ ಬೆಳ್ಳಿ ತೋರಿಸಿ, ಮರದ ಮೇಲೆ ಚಿನ್ನ ಬಳಿದ ಸರ ತೋರಿಸಿ ಆಸ್ತಿ ಇದೆ ಅಂದರೆ ನಿನಗೆ ಹಿಡಿಸುತ್ತಾ? ನಾನೂ ಮೈಗೆಲ್ಲ ಕೆಂಪು ಬಳಿದುಕೊಂಡು ಬಂದರೆ? ಬೆವರಿದಾಗ, ಅತ್ತಾಗ, ಸ್ನಾನಕ್ಕೆ ಹೋದಾಗ, ಬೆಳಿಗ್ಗೆ ಏಳುವಾಗ ಬಣ್ಣದ ಬಂಡವಾಳ ಹೇಗೆ ಬಯಲಾಗುತ್ತೆ ಅಂತ ಪಟ್ಟಿ ಬೇರೆ.

ಪಾಪ, ಅವಳು ಕೇಳಿದಳು: ಹಾಗಾದರೆ ನಿಜವಾಗಿ ಚೆಂದ ಕಾಣೋದು ಹೇಗೆ? ಅವನ ಉತ್ತರ: ಹಿಟ್ಟು ಕಲಸು, ನಾದು. ಬಟ್ಟೆ, ಹೊದಿಕೆಗಳನ್ನು ಕೊಡವಿ ಮಡಚು. ಆಳುಗಳ ಕೆಲಸ ನೋಡಿಕೊಂಡು ಮನೆಯೆಲ್ಲ ಓಡಾಡು. ಹಸಿವೂ ಆಗುತ್ತೆ, ಬಣ್ಣವೂ ಬರುತ್ತೆ. ಕಾಸು ಖರ್ಚಿಲ್ಲದ ಬ್ಯೂಟಿ ಪಾರ್ಲರು, ಜೊತೆಗೆ ರೊಟ್ಟಿ. ಇಷ್ಟನ್ನೂ ಅವನು ಸಾಕ್ರೆಟೀಸನ ಮುಂದೆ ಕೂತು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ತಮಾಷೆ ಏನು ಗೊತ್ತಾ, ಆ ಬಿಳಿ ಪುಡಿ ನಿಜಕ್ಕೂ ಕೆಟ್ಟದ್ದೇ. ಮಣ್ಣಿನ ಪಾತ್ರೆಯಲ್ಲಿ ಹುಳಿ ದ್ರಾಕ್ಷಾರಸದ ಮೇಲೆ ಸೀಸದ ತುಂಡು ಇಟ್ಟು ಮುಚ್ಚಿ, ಸುಮಾರು ಹತ್ತು ದಿನ ಬಿಟ್ಟು, ಮೇಲೆ ಕಟ್ಟಿದ ಬೂಷ್ಟನ್ನು ಕೆರೆದು ಅರೆದು ಮಾಡುತ್ತಿದ್ದರು ಅಂತ ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್ ಬರೆದಿದ್ದಾನೆ. ಶುದ್ಧ ವಿಷ. ಅಷ್ಟುದ್ದದ ಉಪದೇಶದಲ್ಲಿ ಗಂಡನ ಬಾಯಲ್ಲಿ ವಿಷ ಅನ್ನೋ ಮಾತು ಒಂದು ಸಲವೂ ಬರಲ್ಲ. ಅವನ ಚಿಂತೆ ಹೆಂಡತಿಯ ಚರ್ಮದ್ದಲ್ಲ, ತನಗೆ ಸಿಕ್ಕ ಮಾಲು ಅಸಲಿಯಾ ಅನ್ನೋದು.

ಗಂಡಂದಿರು ಸಾಲದು ಅಂತ ಕೆಲವು ಊರುಗಳಲ್ಲಿ ಹೆಂಗಸರ ನಡತೆ, ಉಡುಗೆ ನೋಡಿಕೊಳ್ಳೋಕೆ ಸರಕಾರಿ ಅಧಿಕಾರಿಯನ್ನೇ ನೇಮಿಸಿದ್ದರು. ಗ್ರೀಸಿನ ಮೆಸೇನಿಯಾ ಪ್ರಾಂತ್ಯದ ಅಂಡಾನಿಯಾ ಊರಿನಲ್ಲಿ ದೇವರ ಉತ್ಸವಕ್ಕೆ ಬರುವ ಹೆಂಗಸರು ಚಿನ್ನ ತೊಡಬಾರದು, ಕೆಂಪು ಬಿಳಿ ಹಚ್ಚಬಾರದು, ಜಡೆ ಹೆಣೆಯಬಾರದು ಅಂತ ಕಲ್ಲಿನಲ್ಲೇ ಕೆತ್ತಿಸಿದ್ದರು. ನಿಯಮ ಮೀರಿದ ಬಟ್ಟೆಯನ್ನು ಆ ಅಧಿಕಾರಿ ಹರಿಯಬಹುದು, ಅದು ದೇವರಿಗೆ ಸೇರುತ್ತೆ. ಹರಿದ ಸೀರೆಯಂಥದ್ದನ್ನು ಇಟ್ಟುಕೊಂಡು ದೇವರು ಏನು ಮಾಡುತ್ತಿದ್ದನೋ!

ಈಗ ಗಂಡಸರ ಕಡೆ ಬನ್ನಿ. ಅಥೆನ್ಸಿನ ಹಳೆ ಶ್ರೀಮಂತ ಮುದುಕರು ತುರುಬು ಕಟ್ಟಿ ಚಿನ್ನದ ಜೀರುಂಡೆ ಸಿಕ್ಕಿಸಿಕೊಳ್ಳುತ್ತಿದ್ದರು ಅಂತ ಇತಿಹಾಸಕಾರ ಥುಸಿಡಿಡೀಸ್ ಹೇಳುತ್ತಾನೆ. ಕ್ರಿ.ಪೂ. 480ರಲ್ಲಿ ಥರ್ಮೊಪಿಲೆ ಕಣಿವೆಯಲ್ಲಿ, ಯುದ್ಧಕ್ಕೆ ಮುಂಚೆ, ಪರ್ಶಿಯಾದ ಗೂಢಚಾರ ಬಂದು ನೋಡಿದರೆ ಸ್ಪಾರ್ಟಾದ ವೀರರು ಕೂತು ತಲೆ ಬಾಚಿಕೊಳ್ಳುತ್ತಿದ್ದಾರೆ. ಅದು ಶೌರ್ಯ, ಬಿಡಿ. ಪ್ಲೇಟೋ ತನ್ನ ಸಂವಾದವೊಂದರಲ್ಲಿ, ಅಲಂಕಾರ ಅನ್ನೋದು ಬಣ್ಣ, ನುಣುಪು, ಬಟ್ಟೆಗಳಿಂದ ಮಾಡುವ ಮೋಸ, ಅಸಲಿ ಚೆಲುವು ಬರೋದು ವ್ಯಾಯಾಮದಿಂದ ಅಂತ ಸಾಕ್ರೆಟೀಸನ ಬಾಯಲ್ಲಿ ಹೇಳಿಸುತ್ತಾನೆ. ಆ ವ್ಯಾಯಾಮಶಾಲೆಯಲ್ಲಿ ಏನಿತ್ತು? ಮೈತುಂಬ ಆಲಿವ್ ಎಣ್ಣೆ ಸುರಿದುಕೊಂಡು, ಮಣ್ಣು ಮೆತ್ತಿಕೊಂಡು, ಮಿರಿಮಿರಿ ಮಿಂಚುತ್ತಾ ಕುಸ್ತಿ ಆಡಿ, ಆಮೇಲೆ ಕಂಚಿನ ಬಾಗಿದ ಪಟ್ಟಿಯಿಂದ ಎಣ್ಣೆ, ಬೆವರು, ಕೊಳೆ ಎಲ್ಲ ಒಟ್ಟಿಗೆ ಕೆರೆದು ತೆಗೆಯೋದು. ಅದನ್ನೂ ಎಸೆಯುತ್ತಿರಲಿಲ್ಲ. ವ್ಯಾಯಾಮಶಾಲೆಯ ಅಧಿಕಾರಿಗಳು ಅದನ್ನು ಮಾರಿ ದುಡ್ಡು ಮಾಡುತ್ತಿದ್ದರು ಅಂತ ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಔಷಧಿಯಂತೆ. ಗರ್ಭಕೋಶದ ಊತಕ್ಕೂ ಆಗುತ್ತಿತ್ತಂತೆ.