ಸ್ಪಷ್ಟನೆ: ಮೂಲ ಕಥೆ ಬದಲಿಸಬಾರದು ಎಂದು ನಾನು ಹೇಳಿಲ್ಲ

ಮೊನ್ನೆ ತುಮಕೂರಿನಲ್ಲಿ ಫ್ಯಾನ್ ಫಿಕ್ಷನ್ (ಅಭಿಮಾನಿಗಳು ತಮಗಿಷ್ಟವಾದ ಕಥೆಯ ಪಾತ್ರಗಳನ್ನಿಟ್ಟುಕೊಂಡು ಬರೆಯುವ ಹೊಸ ಕಥೆ) ಬಗ್ಗೆ ನಾನಾಡಿದ್ದು ಎನ್ನಲಾದ ಒಂದು ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ: "ಮೂಲ ಕಥೆಯನ್ನು ಒಂಚೂರೂ ಬದಲಿಸದಿದ್ದರೆ ಮಾತ್ರ ಓದುಗರು ನಂಬುತ್ತಾರೆ." ನಾನು ಹೇಳಿದ್ದು ಹೆಚ್ಚುಕಡಿಮೆ ಇದರ ಉಲ್ಟಾ.

ಘಟನೆ ಬದಲಿಸಿ, ಊರು ಬದಲಿಸಿ, ಕಾಲವನ್ನೂ ಬದಲಿಸಿ. ಪಾತ್ರದ ಸ್ವಭಾವ ಬದಲಾಗುವುದಾದರೆ ಮಾತ್ರ ಕಾರಣ ಕಾಣಿಸಿ ಎಂದಿದ್ದೆ. ಪಂಪ 941ರ ಸುಮಾರಿಗೆ ಬರೆದ ಮಹಾಭಾರತದ ಕಥೆಯಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಅದಕ್ಕಿಂತ ದೊಡ್ಡ ಬದಲಾವಣೆ ಬೇಕಾ? ಆದರೂ ಅವನ ಕರ್ಣನನ್ನು ಇವತ್ತಿಗೂ ನಂಬುತ್ತೇವೆ. (ಪಂಪನನ್ನು ಫ್ಯಾನ್ ಅಂದೆ ಅಂತ ಇನ್ನೊಂದು ಮೆಸೇಜ್ ಹೊರಡಿಸಬೇಡಿ ಮಾರಾಯ್ರೆ.)

ಅವತ್ತು ಒಬ್ಬಳು ಹುಡುಗಿ ತನ್ನ ಕಥೆಯಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಕ್ಯಾತ್ಸಂದ್ರಕ್ಕೆ ಕರೆತಂದು ತಟ್ಟೆ ಇಡ್ಲಿ ಮುಂದೆ ಕೂರಿಸಿದ್ದಳು. ಮೊದಲ ಕರಡಿನಲ್ಲಿ ಅವನು "ಆಹಾ, ಎಂಥ ರುಚಿ!" ಎಂದು ಕಣ್ಣು ಮುಚ್ಚುತ್ತಿದ್ದ. ಯಾರೂ ನಂಬಲಿಲ್ಲ. ಹೊಗೆಸೊಪ್ಪನ್ನು ಪರ್ಷಿಯನ್ ಚಪ್ಪಲಿಯೊಳಗೆ ತುರುಕಿಡುವ ಮನುಷ್ಯ ಇಡ್ಲಿಗೆ ಅಷ್ಟು ಸಲೀಸಾಗಿ ಸೋಲುತ್ತಾನಾ? ಎರಡನೇ ಕರಡಿನಲ್ಲಿ ಇಡ್ಲಿ ಆರುತ್ತಿದೆ. ಅವನ ಕಣ್ಣು ಸಪ್ಲೈಯರ್ ಬೆರಳಿನ ಸೂಜಿ ಗಾಯಗಳ ಮೇಲೆ. "ಹೋದ ವಾರದ ತನಕ ಟೈಲರ್ ಅಂಗಡೀಲಿದ್ದೆ, ಅಲ್ವಾ?" ಹುಡುಗ ಚಟ್ನಿ ಬಕೆಟ್ ಹಿಡಿದುಕೊಂಡು ಹಾಗೇ ನಿಂತ. ಕೇಳಿದವರೆಲ್ಲ ನಕ್ಕರು. ಊರು ಬೇರೆ, ಮನುಷ್ಯ ಅವನೇ.

"ಮೂಲದ ವಿವರಗಳನ್ನೆಲ್ಲ ಮತ್ತೆ ಹೇಳಿ" ಎಂಬ ಸಾಲೂ ಅದೇ ಮೆಸೇಜಿನಲ್ಲಿದೆ. ಅದೂ ನನ್ನದಲ್ಲ. ಹೋಮ್ಸ್‌ನ ಗೆಳೆಯ ವ್ಯಾಟ್ಸನ್ ಯಾರು ಅಂತ ಓದುಗರಿಗೆ ಗೊತ್ತು. ಸುಮ್ನೆ ಎರಡು ಪುಟ ಯಾಕೆ?